ನಿನ್ನೆಯ ಎದುರಾಳಿ ಇವತ್ತು ಪಕ್ಕದಲ್ಲಿ: ಅಮೆರಿಕದ ಪ್ರೈಮರಿಯಲ್ಲಿ ಬೆಂಬಲ ಹೇಗೆ ಕೆಲಸ ಮಾಡುತ್ತದೆ

2020ರ ಮಾರ್ಚ್ 2, ಸೋಮವಾರ ಸಂಜೆ. ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಒಂದು ರೆಸ್ಟೋರೆಂಟಿನಲ್ಲಿ ಪೀಟ್ ಬುಟಜೆಜ್ ಮಾತಾಡಲು ನಿಂತಿದ್ದರು. ಪಕ್ಕದಲ್ಲಿ ಜೋ ಬೈಡನ್. ಹಿಂದಿನ ದಿನದವರೆಗೂ ಇಬ್ಬರೂ ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯಾಗಲು ಪೈಪೋಟಿ ನಡೆಸಿದವರು. ಬುಟಜೆಜ್ ಭಾನುವಾರ ರಾತ್ರಿ ತಮ್ಮೂರು ಸೌತ್ ಬೆಂಡ್‌ಗೆ ಹೋಗಿ ಸ್ಪರ್ಧೆ ಬಿಟ್ಟೆ ಎಂದಿದ್ದರು. ಸೋಮವಾರ ಡಲ್ಲಾಸ್‌ಗೆ ಬಂದು, ನನ್ನ ಬೆಂಬಲ ಬೈಡನ್ ಅವರಿಗೆ ಎಂದರು.

ಅದಕ್ಕೆ ಬೈಡನ್ ಕೊಟ್ಟ ಉತ್ತರ ಅಲ್ಲಿದ್ದವರನ್ನು ಒಂದು ಕ್ಷಣ ಸುಮ್ಮನಾಗಿಸಿತು. ಈ ಹುಡುಗನನ್ನು ನೋಡಿದರೆ ನನ್ನ ಮಗ ಬೋ ನೆನಪಾಗುತ್ತಾನೆ, ನಾನು ಯಾರಿಗಾದರೂ ಕೊಡಬಹುದಾದ ದೊಡ್ಡ ಹೊಗಳಿಕೆ ಇದೇ ಎಂದರು. ಬೋ ಬೈಡನ್ 2015ರಲ್ಲಿ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಅವರು ಇರಾಕ್‌ನಲ್ಲಿ ಸೈನ್ಯದ ಕೆಲಸ ಮಾಡಿ ಬಂದವರು. ಬುಟಜೆಜ್ ಅಫ್ಘಾನಿಸ್ತಾನದಲ್ಲಿ ಮಾಡಿ ಬಂದವರು.

ಇದಕ್ಕೆ ಸುಮಾರು ಮೂರು ವಾರ ಹಿಂದೆ ಇದೇ ಬೈಡನ್ ಪಾಳಯ ಇದೇ ಬುಟಜೆಜ್ ಮೇಲೆ ಒಂದು ವಿಡಿಯೊ ಜಾಹೀರಾತು ಬಿಟ್ಟಿತ್ತು. ಬೈಡನ್ ದೇಶಕ್ಕೆ ಆರೋಗ್ಯ ವಿಮೆ ಕಾಯ್ದೆ ತರಲು ಓಡಾಡುತ್ತಿದ್ದಾಗ ಪೀಟ್ ಏನು ಮಾಡುತ್ತಿದ್ದರು? ಊರಿನ ಸೇತುವೆ ಕೆಳಗೆ ಬಣ್ಣದ ದೀಪ ಹಾಕಿಸುತ್ತಿದ್ದರು. ಆ ಜಾಹೀರಾತಿನ ಧಾಟಿ ಹೀಗಿತ್ತು. ಚಿಕ್ಕ ಊರಿನ ಮೇಯರ್ ನೀನು, ನಿನಗೇಕೆ ದೇಶದ ಉಸಾಬರಿ ಎಂದು ಹಂಗಿಸಿದಂತೆ. ಅಂಥ ಮಾತಿನಿಂದ ‘ನನ್ನ ಮಗನಂತೆ’ ಎಂಬ ಮಾತಿಗೆ ಮೂರೇ ವಾರದಲ್ಲಿ ಬರುವುದು ಹೇಗೆ? ಇಂಥ ಬೆಂಬಲಕ್ಕೆ ನಿಜವಾಗಿ ಎಷ್ಟು ಬೆಲೆ ಇದೆ? ಟೆಕ್ಸಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗಳು, ಅಳಿಯ, ತಮ್ಮ ಇರುವ ಮನೆಗಳು ನಮ್ಮಲ್ಲಿ ತುಂಬಾ ಇವೆ. ಅವರಲ್ಲಿ ಅಲ್ಲಿನ ಪೌರತ್ವ ಪಡೆದವರು ಈ ಚುನಾವಣೆಗಳಲ್ಲಿ ವೋಟು ಹಾಕುತ್ತಾರೆ. ಹಾಗಾಗಿ ಇದು ತೀರಾ ದೂರದ ಕಥೆಯೇನೂ ಅಲ್ಲ.

ಮೊದಲು ಪ್ರೈಮರಿ ಅಂದರೇನು ಎಂದು ನೋಡೋಣ. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವುದು ಪಕ್ಷದ ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಅಮೆರಿಕದಲ್ಲಿ ಆ ಬಿ ಫಾರಂ ಯಾರಿಗೆ ಎಂದು ಸಾಮಾನ್ಯ ಮತದಾರರೇ ವೋಟು ಹಾಕಿ ಹೇಳುತ್ತಾರೆ ಅಂದುಕೊಳ್ಳಿ. ಅದೇ ಪ್ರೈಮರಿ. ಒಂದೇ ದಿನ ಮುಗಿಯುವುದಿಲ್ಲ. ಫೆಬ್ರವರಿ ಹೊತ್ತಿಗೆ ಶುರುವಾಗಿ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ನಡೆಯುತ್ತಾ ಜೂನ್‌ವರೆಗೂ ಹೋಗುತ್ತದೆ. ವೋಟಿನ ಲೆಕ್ಕಕ್ಕೆ ತಕ್ಕಂತೆ ಪ್ರತಿ ಅಭ್ಯರ್ಥಿಗೂ ಡೆಲಿಗೇಟ್‌ಗಳು ಸಿಗುತ್ತಾರೆ. ಡೆಲಿಗೇಟ್ ಎಂದರೆ ಬೇಸಿಗೆಯಲ್ಲಿ ನಡೆಯುವ ಪಕ್ಷದ ಮಹಾಸಮಾವೇಶಕ್ಕೆ ಹೋಗಿ ಅಭ್ಯರ್ಥಿಯ ಪರ ಮತ ಹಾಕುವ ಪ್ರತಿನಿಧಿ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಹೀಗೆ ಹಂಚಬೇಕಾಗಿದ್ದ ಡೆಲಿಗೇಟ್‌ಗಳು 3,979. ಮೊದಲ ಸುತ್ತಿನಲ್ಲೇ ಗೆಲ್ಲಲು 1,991 ಬೇಕಿತ್ತು.

ಅಂದರೆ ಇಲ್ಲಿ ಜಗಳ ನಡೆಯುವುದು ಒಂದೇ ಪಕ್ಷದೊಳಗೆ. ತಿಂಗಳುಗಟ್ಟಲೆ ಟಿವಿ ಮುಂದೆ ಒಬ್ಬರನ್ನೊಬ್ಬರು ಟೀಕಿಸುತ್ತಾರೆ. ಕೊನೆಗೆ ಒಬ್ಬರೇ ಉಳಿಯುತ್ತಾರೆ. ಸೋತವರ ಎದುರು ಒಂದು ಪ್ರಶ್ನೆ ನಿಲ್ಲುತ್ತದೆ: ನಿನ್ನೆವರೆಗೆ ಯಾರನ್ನು ಸರಿಯಿಲ್ಲ ಎಂದೆನೋ ಅವರನ್ನೇ ಇವತ್ತು ಗೆಲ್ಲಿಸಿ ಎಂದು ನನ್ನ ಜನಕ್ಕೆ ಹೇಗೆ ಹೇಳಲಿ?

2020ರ ಫೆಬ್ರವರಿಯಲ್ಲಿ ಬೈಡನ್ ಸ್ಥಿತಿ ಚೆನ್ನಾಗಿರಲಿಲ್ಲ. ಅಯೋವಾದಲ್ಲಿ ನಾಲ್ಕನೇ ಸ್ಥಾನ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಸ್ಥಾನ, ಶೇ 8.4 ಮತ. ಅಲ್ಲಿ ಬರ್ನಿ ಸ್ಯಾಂಡರ್ಸ್ ಮೊದಲು, ಬುಟಜೆಜ್ ಕೂದಲೆಳೆ ಅಂತರದಲ್ಲಿ ಎರಡನೇ ಸ್ಥಾನ, ಮಿನೆಸೋಟಾದ ಸೆನೆಟರ್ ಏಮಿ ಕ್ಲೋಬುಚಾರ್ ಮೂರನೇ ಸ್ಥಾನ. ನೆವಾಡಾದಲ್ಲಿ ಸ್ಯಾಂಡರ್ಸ್ ದೊಡ್ಡ ಗೆಲುವು ಸಾಧಿಸಿದರು. ಬೈಡನ್ ಅದಕ್ಕೂ ಮೊದಲು 1988 ಮತ್ತು 2008ರ ಚುನಾವಣೆಗಳಿಗೂ ಪ್ರಯತ್ನ ಪಟ್ಟಿದ್ದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ರಾಜ್ಯದ ಪ್ರೈಮರಿಯನ್ನೂ ಗೆದ್ದಿರಲಿಲ್ಲ.

ಸ್ಯಾಂಡರ್ಸ್ ಎಡಪಂಥದ ಕಡೆ ವಾಲಿದವರು. ಅವರ ವೋಟು ಒಂದೇ ಕಡೆ ಗಟ್ಟಿಯಾಗಿ ನಿಂತಿತ್ತು. ಬೇಡ, ಇಷ್ಟು ಎಡಕ್ಕೆ ಹೋಗುವುದು ಬೇಡ ಎನ್ನುವವರ ವೋಟು ಬೈಡನ್, ಬುಟಜೆಜ್, ಕ್ಲೋಬುಚಾರ್, ಮೈಕ್ ಬ್ಲೂಮ್‌ಬರ್ಗ್ ನಡುವೆ ಚೂರುಚೂರಾಗಿತ್ತು. ಸುಮ್ನೆ ಚೂರಾಗಿದ್ದರೆ ಅಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. ಡೆಮಾಕ್ರಟಿಕ್ ಪಕ್ಷದ ಒಂದು ನಿಯಮ ಅದನ್ನು ದೊಡ್ಡ ವಿಷಯ ಮಾಡಿತ್ತು.

ಆ ನಿಯಮ ಹೀಗಿದೆ: ಒಂದು ರಾಜ್ಯದಲ್ಲಿ ಅಥವಾ ಒಂದು ಕ್ಷೇತ್ರದಲ್ಲಿ ಶೇ 15 ಮತ ಮುಟ್ಟದವರಿಗೆ ಅಲ್ಲಿಂದ ಒಬ್ಬ ಡೆಲಿಗೇಟ್ ಕೂಡ ಸಿಗುವುದಿಲ್ಲ. ಹದಿನಾಲ್ಕು ಬಂದರೂ ಅಷ್ಟೇ, ಸೊನ್ನೆ ಬಂದರೂ ಅಷ್ಟೇ. ಗಡಿ ದಾಟಿದವರು ಮಾತ್ರ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಾರೆ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡೋಣ. ಇದು ನಾನೇ ಕಟ್ಟಿದ ಉದಾಹರಣೆ. ಒಂದು ಕ್ಷೇತ್ರ, ಹತ್ತು ಡೆಲಿಗೇಟ್‌ಗಳು, ನೂರು ಮತದಾರರು. ಸ್ಯಾಂಡರ್ಸ್‌ಗೆ 30, ಬೈಡನ್‌ಗೆ 22, ಬ್ಲೂಮ್‌ಬರ್ಗ್‌ಗೆ 14, ಬುಟಜೆಜ್‌ಗೆ 12, ಎಲಿಜಬೆತ್ ವಾರನ್‌ಗೆ 12, ಕ್ಲೋಬುಚಾರ್‌ಗೆ 10. ಹದಿನೈದು ದಾಟಿದವರು ಇಬ್ಬರೇ. ಸ್ಯಾಂಡರ್ಸ್‌ಗೆ 6 ಡೆಲಿಗೇಟ್, ಬೈಡನ್‌ಗೆ 4. ಉಳಿದ 48 ಜನರ ವೋಟು ಯಾವ ಲೆಕ್ಕಕ್ಕೂ ಬರಲಿಲ್ಲ. ನೂರಕ್ಕೆ ಮೂವತ್ತು ಪಡೆದವರಿಗೆ ಅರುವತ್ತರ ಪಾಲು ಸಿಕ್ಕಿತು.

ಈಗ ಬುಟಜೆಜ್ ಮತ್ತು ಕ್ಲೋಬುಚಾರ್ ಹಿಂದೆ ಸರಿದರು ಅಂದುಕೊಳ್ಳಿ. ಅವರ 22 ವೋಟುಗಳಲ್ಲಿ 12 ಬೈಡನ್‌ಗೆ, 5 ವಾರನ್‌ಗೆ, 3 ಬ್ಲೂಮ್‌ಬರ್ಗ್‌ಗೆ, 2 ಸ್ಯಾಂಡರ್ಸ್‌ಗೇ ಹೋದವು. ಈಗ ಸ್ಯಾಂಡರ್ಸ್ 32, ಬೈಡನ್ 34, ವಾರನ್ 17, ಬ್ಲೂಮ್‌ಬರ್ಗ್ 17. ನಾಲ್ವರೂ ಗಡಿ ದಾಟಿದರು. ಡೆಲಿಗೇಟ್ ಹಂಚಿದರೆ 3, 3, 2, 2. ಸ್ಯಾಂಡರ್ಸ್‌ಗೆ ಎರಡು ವೋಟು ಜಾಸ್ತಿ ಬಂತು. ಆದರೆ ಡೆಲಿಗೇಟ್‌ಗಳು ಆರರಿಂದ ಮೂರಕ್ಕೆ ಇಳಿದರು!

ನನಗೆ ಈ ಲೆಕ್ಕ ಮೊದಲ ಸಲ ಅರ್ಥವಾದಾಗ ಇಡೀ ಪ್ರೈಮರಿ ಬೇರೆಯೇ ಥರ ಕಾಣತೊಡಗಿತು. ಹಿಂದೆ ಸರಿದವರ ಮತಗಳೆಲ್ಲ ಒಬ್ಬರ ಬುಟ್ಟಿಗೇ ಬೀಳಬೇಕಿಲ್ಲ. ಅವು ನಾಲ್ಕು ಕಡೆ ಚೆದುರಿದರೂ ಮುಂದಿದ್ದವರ ಓಟಕ್ಕೆ ಕಡಿವಾಣ ಬೀಳುತ್ತದೆ. ಆದ್ದರಿಂದಲೇ ಯಾವಾಗ ಬಿಟ್ಟರು ಎಂಬುದು, ಯಾರಿಗೆ ಬೆಂಬಲ ಕೊಟ್ಟರು ಎಂಬುದರಷ್ಟೇ ಮುಖ್ಯ. ಎಷ್ಟೋ ಸಲ ಅದಕ್ಕಿಂತ ಜಾಸ್ತಿ.

ಮತ್ತೆ ಡಲ್ಲಾಸ್‌ಗೆ ಬರೋಣ. ಮಾರ್ಚ್ 3 ಸೂಪರ್ ಟ್ಯೂಸ್‌ಡೇ. ಒಂದೇ ದಿನ 14 ರಾಜ್ಯಗಳಲ್ಲಿ ಮತದಾನ. ಒಟ್ಟು ಡೆಲಿಗೇಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆ ಒಂದೇ ದಿನ ತೀರ್ಮಾನ. ಅದಕ್ಕೆ ಮೂರು ದಿನ ಮುಂಚೆ, ಫೆಬ್ರವರಿ 29ರಂದು, ಬೈಡನ್ ಸೌತ್ ಕ್ಯಾರೊಲಿನಾದಲ್ಲಿ ಗೆದ್ದಿದ್ದರು. ಬರಿ ಗೆಲುವಲ್ಲ, ಹತ್ತಿರ ಹತ್ತಿರ ಶೇ 49 ಮತ, ರಾಜ್ಯದ 46 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಮುನ್ನಡೆ. ಆ ಗೆಲುವಿಗೆ ಮೂರು ದಿನ ಮುಂಚೆ ಅಲ್ಲಿನ ಸಂಸದ ಜೇಮ್ಸ್ ಕ್ಲೈಬರ್ನ್ ಬೆಂಬಲ ಸಾರಿದ್ದರು. ಕಪ್ಪು ಜನರ ನಡುವೆ ಅವರ ಮಾತಿಗೆ ದೊಡ್ಡ ತೂಕ. ನಮಗೆ ಜೋ ಗೊತ್ತು, ಅದಕ್ಕಿಂತ ಮುಖ್ಯವಾಗಿ ಜೋಗೆ ನಾವು ಗೊತ್ತು ಎಂದು ಅವರು ಹೇಳಿದ ಮಾತನ್ನು ಇವತ್ತಿಗೂ ಜನ ನೆನೆಯುತ್ತಾರೆ.

ಕ್ಲೈಬರ್ನ್ ಎದುರಾಳಿ ಆಗಿರಲಿಲ್ಲ. ಹಿರಿಯ, ನಂಬಿಕಸ್ಥ. ಅಂಥವರ ಬೆಂಬಲ ಒಂದು ಬಗೆ. ಎದುರಾಳಿಯಾಗಿದ್ದವರ ಬೆಂಬಲ ಇನ್ನೊಂದು ಬಗೆ. ಎದುರಾಳಿ ಬೆಂಬಲ ಕೊಡುವಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಒಂದು, ಕಣದಲ್ಲಿದ್ದ ಒಂದು ಆಯ್ಕೆ ಇಲ್ಲವಾಗುತ್ತದೆ. ಇನ್ನೊಂದು, ಆ ಆಯ್ಕೆಯನ್ನು ನೆಚ್ಚಿದ್ದವರಿಗೆ ಮುಂದಿನ ದಾರಿ ಕಾಣುತ್ತದೆ. ನಾನು ಇವರನ್ನು ಹತ್ತಿರದಿಂದ ನೋಡಿದ್ದೇನೆ, ಇವರ ಜೊತೆ ಜಗಳವನ್ನೂ ಆಡಿದ್ದೇನೆ, ಆದರೂ ಇವರನ್ನು ಒಪ್ಪುತ್ತೇನೆ ಎಂಬ ಮಾತಿಗೆ ಮೊದಲಿಂದ ಹೊಗಳುತ್ತಾ ಬಂದವರ ಮಾತಿಗಿಲ್ಲದ ಬಲ ಇರುತ್ತದೆ ಅಲ್ವಾ?

ಆ ಸೋಮವಾರ ಕ್ಲೋಬುಚಾರ್ ಕೂಡ ಸ್ಪರ್ಧೆ ಬಿಟ್ಟು ಡಲ್ಲಾಸ್‌ಗೆ ಹಾರಿ ಬಂದರು. ರಾತ್ರಿಯ ಸಭೆಯಲ್ಲಿ ಬೈಡನ್ ಪಕ್ಕ ನಿಂತರು. ಹನ್ನೆರಡು ದಿನ ಹಿಂದೆಯಷ್ಟೇ ಲಾಸ್ ವೇಗಸ್‌ನ ಚರ್ಚೆಯಲ್ಲಿ ಅವರಿಗೂ ಬುಟಜೆಜ್‌ಗೂ ಜೋರು ಜಟಾಪಟಿ ಆಗಿತ್ತು. ಮೆಕ್ಸಿಕೊ ಅಧ್ಯಕ್ಷರ ಹೆಸರು ಮರೆತದ್ದನ್ನು ಬುಟಜೆಜ್ ಕೆದಕಿದಾಗ, ನನ್ನನ್ನು ದಡ್ಡಿ ಅಂತಿದ್ದೀಯಾ ಪೀಟ್ ಎಂದು ಅವರು ಎಲ್ಲರೆದುರೇ ಸಿಡಿದಿದ್ದರು. ಈಗ ಇಬ್ಬರೂ ಒಂದೇ ದಿನ, ಒಂದೇ ಊರಲ್ಲಿ, ಒಬ್ಬರಿಗೇ ಬೆಂಬಲ. ಕೊನೆಗೆ ವೇದಿಕೆ ಹತ್ತಿದವರು ಟೆಕ್ಸಸ್‌ನವರೇ ಆದ ಬೆಟೊ ಓರೂರ್ಕ್. ಅವರು ನವೆಂಬರ್‌ನಲ್ಲೇ ಸ್ಪರ್ಧೆ ಬಿಟ್ಟಿದ್ದರು.

ಮರುದಿನ ಬೈಡನ್ 14ರಲ್ಲಿ 10 ರಾಜ್ಯ ಗೆದ್ದರು. ಟೆಕ್ಸಸ್ ಗೆದ್ದರು. ಕ್ಲೋಬುಚಾರ್ ಅವರ ಮಿನೆಸೋಟಾ ಗೆದ್ದರು. 2016ರಲ್ಲಿ ಸ್ಯಾಂಡರ್ಸ್ ಗೆದ್ದಿದ್ದ ರಾಜ್ಯ ಅದು. ವಾರನ್ ಅವರ ಸ್ವಂತ ರಾಜ್ಯ ಮ್ಯಾಸಚುಸೆಟ್ಸ್‌ನಲ್ಲೂ ಬೈಡನ್‌ದೇ ಗೆಲುವು, ವಾರನ್ ಮೂರನೇ ಸ್ಥಾನ.

ಹಾಗಾದರೆ ಎಲ್ಲವೂ ಡಲ್ಲಾಸ್‌ನ ಆ ಒಂದು ರಾತ್ರಿಯ ಮಹಿಮೆಯಾ? ನಾನು ಹಾಗೆ ಹೇಳುವುದಿಲ್ಲ. ಗಾಳಿ ಸೌತ್ ಕ್ಯಾರೊಲಿನಾದಲ್ಲೇ ತಿರುಗಿತ್ತು. ಬೆಂಬಲ ಕೊಟ್ಟವರು ಆ ಗಾಳಿಯನ್ನು ನೋಡಿಯೇ ಕೊಟ್ಟರು. ಬೈಡನ್ ಅಲ್ಲೂ ಸೋತಿದ್ದರೆ ಡಲ್ಲಾಸ್‌ಗೆ ಯಾರು ಬರುತ್ತಿದ್ದರು? ಆದರೆ ಯಾರಿಗೆ ಹಾಕಲಿ ಎಂದು ಕೊನೆವರೆಗೂ ಗೊಂದಲದಲ್ಲಿದ್ದವರಿಗೆ ಆ ರಾತ್ರಿ ಉತ್ತರ ಸಿಕ್ಕಿತು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದ ಸಮೀಕ್ಷೆಗಳಲ್ಲಿ ಇದು ಕಾಣುತ್ತದೆ. ಕೊನೆಯ ಕೆಲವೇ ದಿನಗಳಲ್ಲಿ ಮನಸ್ಸು ಮಾಡಿದವರಲ್ಲಿ ಬೈಡನ್‌ಗೆ ದೊಡ್ಡ ಮುನ್ನಡೆ ಇತ್ತು.

ಇದೇ ಮಾತನ್ನು ತಿರುಗಿಸಿ ನೋಡಲು ಕ್ಯಾಲಿಫೋರ್ನಿಯಾ ಇದೆ. ಅಲ್ಲಿ ಅಂಚೆಯಲ್ಲಿ ವೋಟು ಹಾಕುವವರು ತುಂಬಾ ಜನ. ಮತಪತ್ರ ವಾರಗಳ ಮೊದಲೇ ಮನೆಗೆ ಬರುತ್ತದೆ. ಊಟದ ಮೇಜಿನ ಮೇಲೆ ಇಟ್ಟುಕೊಂಡು, ಪೆನ್ನಿನಲ್ಲಿ ತುಂಬಿ, ಲಕೋಟೆಗೆ ಹಾಕಿ, ಹಿಂದೆ ಸಹಿ ಮಾಡಿ ಕಳಿಸಿದರೆ ಮುಗಿಯಿತು. ಬುಟಜೆಜ್ ಹೆಸರಿನ ಮುಂದೆ ಗುರುತು ಹಾಕಿ ಫೆಬ್ರವರಿಯಲ್ಲೇ ಕಳಿಸಿದವರು ಮಾರ್ಚ್ 1ರ ರಾತ್ರಿ ಟಿವಿ ಮುಂದೆ ಕೂತು ಏನು ಮಾಡಬೇಕು? ಏನೂ ಮಾಡಲಾಗುವುದಿಲ್ಲ. ಕಳಿಸಿದ ವೋಟು ವಾಪಸ್ ಬರುವುದಿಲ್ಲ. ಸ್ಪರ್ಧೆಯಲ್ಲೇ ಇಲ್ಲದವರ ಲೆಕ್ಕಕ್ಕೆ ಅದು ಸೇರುತ್ತದೆ. ಆ ರಾಜ್ಯ ಸ್ಯಾಂಡರ್ಸ್ ಪಾಲಾಯಿತು. ಮುಂಚೆಯೇ ಬಿದ್ದ ಮತಗಳ ಮೇಲೆ ಡಲ್ಲಾಸ್‌ನ ಮಾತು ಯಾವ ಪರಿಣಾಮವನ್ನೂ ಬೀರುವಂತಿರಲಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ವಾರನ್ ಉದಾಹರಣೆ. ಅವರು ಮಾರ್ಚ್ 5ರಂದು ಸ್ಪರ್ಧೆ ಬಿಟ್ಟರು. ವಿಚಾರದಲ್ಲಿ ಸ್ಯಾಂಡರ್ಸ್‌ಗೆ ಹತ್ತಿರದವರು. ಸ್ಯಾಂಡರ್ಸ್ ಬೆಂಬಲಿಗರು ಅವರ ಒಂದು ಮಾತಿಗಾಗಿ ಕಾದರು. ಆ ಮಾತು ಬರಲಿಲ್ಲ. ಏಪ್ರಿಲ್ 8ರಂದು ಸ್ಯಾಂಡರ್ಸ್ ಹಿಂದೆ ಸರಿದರು, 13ರಂದು ತಾವೇ ಬೈಡನ್‌ಗೆ ಬೆಂಬಲ ಕೊಟ್ಟರು. 15ರಂದು ವಾರನ್ ಕೂಡ ಬೈಡನ್ ಪರ ಎಂದರು. ಅಷ್ಟರಲ್ಲಿ ಕಣದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಸುಮ್ಮನಿರುವುದೂ ಒಂದು ತೀರ್ಮಾನವೇ, ಅದಕ್ಕೂ ಪರಿಣಾಮ ಇರುತ್ತದೆ.

ಇಲ್ಲಿ ಜನ ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆ: ಹಿಂದೆ ಸರಿದವರ ಡೆಲಿಗೇಟ್‌ಗಳು ಏನಾಗುತ್ತಾರೆ? ಬುಟಜೆಜ್‌ಗೆ ಅಯೋವಾ ಒಂದರಲ್ಲೇ 14 ಡೆಲಿಗೇಟ್‌ಗಳು ಸಿಕ್ಕಿದ್ದರು. ಅವರನ್ನೆಲ್ಲ ಬೈಡನ್‌ಗೆ ಬರೆದುಕೊಡಬಹುದಾ? ಇಲ್ಲ. ಡೆಲಿಗೇಟ್ ಎಂದರೆ ಜೀವಂತ ಮನುಷ್ಯ. ಯಾರೋ ಒಬ್ಬ ಶಿಕ್ಷಕಿ, ಒಬ್ಬ ನಿವೃತ್ತ ನೌಕರ, ಒಬ್ಬ ಕಾಲೇಜು ಹುಡುಗ. ತಮ್ಮನ್ನು ಆರಿಸಿದವರ ಭಾವನೆಗೆ ತಕ್ಕಂತೆ ಮನಸ್ಸಾಕ್ಷಿಯಿಂದ ಮತ ಹಾಕಬೇಕು ಎಂದು ಡೆಮಾಕ್ರಟಿಕ್ ಪಕ್ಷದ ನಿಯಮ ಹೇಳುತ್ತದೆ. ಅಭ್ಯರ್ಥಿ ಅವರನ್ನು ಬಿಡುಗಡೆ ಮಾಡಬಹುದು, ಇಂಥವರಿಗೆ ಹಾಕಿ ಎಂದು ಕೇಳಿಕೊಳ್ಳಬಹುದು. ಅಷ್ಟೇ.

ಹಣದ ವಿಷಯವೂ ಹೀಗೇ. ತನ್ನ ಪ್ರಚಾರ ನಿಧಿಯಲ್ಲಿ ಉಳಿದದ್ದನ್ನೆಲ್ಲ ಅಭ್ಯರ್ಥಿ ಇನ್ನೊಬ್ಬ ಅಭ್ಯರ್ಥಿಗೆ ಸುರಿಯುವಂತಿಲ್ಲ. ಅದಕ್ಕೆ ಬಹಳ ಚಿಕ್ಕ ಮಿತಿ ಇದೆ. ಪಕ್ಷಕ್ಕೆ ಕೊಡಬಹುದು. ಬ್ಲೂಮ್‌ಬರ್ಗ್ ಮಾರ್ಚ್‌ನಲ್ಲಿ 1.8 ಕೋಟಿ ಡಾಲರ್ ಪಕ್ಷದ ರಾಷ್ಟ್ರೀಯ ಸಮಿತಿಗೆ ವರ್ಗಾಯಿಸಿದರು. ಆದರೆ ನಿಜವಾದ ಹಣ ಬರುವುದು ದಾನಿಗಳ ಮೂಲಕ. 2020ರಲ್ಲಿ ಒಬ್ಬರು ಒಬ್ಬ ಅಭ್ಯರ್ಥಿಗೆ ಪ್ರೈಮರಿಗಾಗಿ 2,800 ಡಾಲರ್‌ಗಿಂತ ಜಾಸ್ತಿ ಕೊಡುವಂತಿರಲಿಲ್ಲ. ಬುಟಜೆಜ್‌ಗೆ ಪೂರ್ತಿ ಕೊಟ್ಟು ಮುಗಿಸಿದವರು ಬೈಡನ್‌ಗೆ ಹೊಸದಾಗಿ ಕೊಡಬಹುದಿತ್ತು. ಖಜಾನೆ ಬರಿದಾಗುತ್ತಿದ್ದ ಪಾಳಯಕ್ಕೆ ಇದು ದೊಡ್ಡ ಆಸರೆ.

ಇದೆಲ್ಲ ಒಳಗೊಳಗೇ ಕುದುರಿದ ವ್ಯಾಪಾರ, ಮಂತ್ರಿಗಿರಿಗಾಗಿ ಮಾಡಿದ್ದು ಎಂದು ಹಲವರು ಹೇಳುತ್ತಾರೆ. ಬುಟಜೆಜ್ ಮುಂದೆ ಬೈಡನ್ ಸರ್ಕಾರದಲ್ಲಿ ಸಾರಿಗೆ ಮಂತ್ರಿ ಆದದ್ದು ನಿಜ. ಬೆಂಬಲ ಕೊಟ್ಟರೆ ಹುದ್ದೆ ಕೊಡುತ್ತೇನೆ ಎಂದು ಅಭ್ಯರ್ಥಿ ಮಾತು ಕೊಡುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ ಎಂಬುದೂ ನಿಜ. ಮನಸ್ಸಿನೊಳಗಿನ ಆಸೆಯನ್ನು ಕಾನೂನು ತಡೆಯಲಾರದು. ಆದರೆ ಆಸೆ ಒಂದರಿಂದಲೇ ಇದನ್ನು ವಿವರಿಸುವುದು ಅರ್ಧ ಸತ್ಯ ಎಂದು ನನಗೆ ಅನಿಸುತ್ತದೆ. ಕ್ಲೋಬುಚಾರ್‌ಗೆ ಯಾವ ಹುದ್ದೆಯೂ ಬರಲಿಲ್ಲ. ಉಪಾಧ್ಯಕ್ಷ ಸ್ಥಾನದ ಪಟ್ಟಿಯಿಂದ ಅವರೇ ಜೂನ್‌ನಲ್ಲಿ ಹೊರಬಂದರು. ಈ ಸಲ ಬಿಳಿಯರಲ್ಲದ ಒಬ್ಬ ಮಹಿಳೆಯನ್ನು ಆರಿಸಿ ಎಂದು ಬೈಡನ್‌ಗೆ ಹೇಳಿದರು.

ಬೆಂಬಲ ಕೊಟ್ಟ ಕೂಡಲೇ ಮತದಾರರು ಹಿಂದೆ ಬರುತ್ತಾರೆ ಎಂದುಕೊಳ್ಳುವುದೂ ತಪ್ಪು. 2016ರಲ್ಲಿ ಸ್ಯಾಂಡರ್ಸ್ ಜುಲೈ 12ರಂದು ಹಿಲರಿ ಕ್ಲಿಂಟನ್‌ಗೆ ಬೆಂಬಲ ಕೊಟ್ಟಿದ್ದರು. ಎರಡು ವಾರದ ನಂತರ ಫಿಲಡೆಲ್ಫಿಯಾದ ಸಮಾವೇಶಕ್ಕೆ ಮೊದಲು ತಮ್ಮದೇ ಡೆಲಿಗೇಟ್‌ಗಳ ಸಭೆಯಲ್ಲಿ, ನಾವು ಹಿಲರಿಯವರನ್ನು ಗೆಲ್ಲಿಸಬೇಕು ಎಂದರು. ಅವರಿಗಾಗಿ ಒಂದು ವರ್ಷ ಮನೆ ಮನೆ ತಿರುಗಿದ್ದ ಜನ, ಅವರನ್ನೇ ನೋಡಿ ಬೂ ಎಂದು ಕೂಗಿದರು. ಆ ವಿಡಿಯೊ ನೋಡಿದಾಗಲೆಲ್ಲ ನನಗೆ ಎರಡೂ ಕಡೆಯವರ ಬಗ್ಗೆ ಸಂಕಟವಾಗುತ್ತದೆ. ಕೂಗಿದವರಿಗೆ ಅದು ಮೋಸದಂತೆ ಕಂಡಿತ್ತು. ಕೂಗಿಸಿಕೊಂಡವರಿಗೆ ಅದು ಕರ್ತವ್ಯ. 2024ರಲ್ಲಿ ರಿಪಬ್ಲಿಕನ್ ಪಕ್ಷದ ನಿಕ್ಕಿ ಹೇಲಿ ಮಾರ್ಚ್ 6ರಂದು ಸ್ಪರ್ಧೆ ಬಿಟ್ಟರು. ಎರಡು ತಿಂಗಳ ನಂತರವೂ ಇಂಡಿಯಾನಾದ ಪ್ರೈಮರಿಯಲ್ಲಿ ಸುಮಾರು ಶೇ 22 ಜನ ಅವರ ಹೆಸರಿಗೇ ವೋಟು ಹಾಕಿದ್ದರು. ವೋಟು ಯಾರ ಸ್ವತ್ತೂ ಅಲ್ಲ. ನಾಯಕ ಕೈ ತೋರಿಸಬಹುದು, ನಡೆಯುವವರು ಜನ.

ಬೆಂಬಲ ಕೊಡದೇ ಇರುವುದನ್ನೂ ಒಂದು ಸಲ ನೋಡಬೇಕು. 2016ರ ಜುಲೈ 20. ಕ್ಲೀವ್‌ಲ್ಯಾಂಡ್‌ನಲ್ಲಿ ರಿಪಬ್ಲಿಕನ್ ಸಮಾವೇಶ. ಸೋತಿದ್ದ ಟೆಡ್ ಕ್ರೂಜ್ ವೇದಿಕೆ ಹತ್ತಿ, ನಿಮ್ಮ ಮನಸ್ಸಾಕ್ಷಿಯಂತೆ ಮತ ಹಾಕಿ ಎಂದರು. ಡೊನಾಲ್ಡ್ ಟ್ರಂಪ್‌ಗೆ ಹಾಕಿ ಎನ್ನಲಿಲ್ಲ. ಸಭಾಂಗಣ ತುಂಬ ಧಿಕ್ಕಾರ. ಮರುದಿನ ಬೆಳಿಗ್ಗೆ ತಮ್ಮ ಟೆಕ್ಸಸ್ ಪ್ರತಿನಿಧಿಗಳ ಮುಂದೆ ಅವರು ಕೊಟ್ಟ ಕಾರಣ: ನನ್ನ ಹೆಂಡತಿಯ ಮೇಲೆ, ನನ್ನ ಅಪ್ಪನ ಮೇಲೆ ದಾಳಿ ಮಾಡಿದವರನ್ನು ಬೆಂಬಲಿಸುವ ಅಭ್ಯಾಸ ನನಗಿಲ್ಲ. ಪ್ರಚಾರದ ಹೊತ್ತಲ್ಲಿ ಕ್ರೂಜ್ ಅವರ ಹೆಂಡತಿಯ ರೂಪವನ್ನು ಟ್ರಂಪ್ ಹೀಯಾಳಿಸಿದ್ದರು. ಕೆನಡಿ ಹಂತಕನ ಜೊತೆ ಅವರ ಅಪ್ಪನ ಹೆಸರನ್ನು ತಳಕು ಹಾಕಿದ್ದರು. ನೀತಿಯ ಮೇಲಿನ ಜಗಳವನ್ನು ಮರೆಯಬಹುದು. ಮನೆಯವರ ಮೇಲೆ ಬಂದ ಮಾತು ಬೇರೆ. ಆದರೂ ಎರಡು ತಿಂಗಳಲ್ಲಿ, ಸೆಪ್ಟೆಂಬರ್ 23ರಂದು, ಕ್ರೂಜ್ ಬೆಂಬಲ ಘೋಷಿಸಿದರು. 2018ರಲ್ಲಿ ಅವರ ಸೆನೆಟ್ ಚುನಾವಣೆ ಬಿಗಿಯಾದಾಗ ಟ್ರಂಪ್ ಹ್ಯೂಸ್ಟನ್‌ಗೆ ಬಂದು ಪ್ರಚಾರ ಮಾಡಿದರು. ಎದುರಾಳಿ ಯಾರು ಗೊತ್ತಾ? ಡಲ್ಲಾಸ್‌ನ ವೇದಿಕೆಯಲ್ಲಿ ಆಮೇಲೆ ಕಂಡ ಅದೇ ಬೆಟೊ ಓರೂರ್ಕ್.

ನನಗೆ ತುಂಬಾ ಇಷ್ಟವಾದ ಪ್ರಸಂಗ 2008ರದ್ದು. ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮಾ ಕೊನೆಯ ರಾಜ್ಯದವರೆಗೂ ಹೋರಾಡಿದ್ದರು. ಜೂನ್ 7ರಂದು ವಾಷಿಂಗ್ಟನ್‌ನಲ್ಲಿ ಹಿಲರಿ ಸೋಲು ಒಪ್ಪಿಕೊಂಡು ಒಬಾಮಾರನ್ನು ಬೆಂಬಲಿಸಿದರು. ಮಹಿಳೆಯರ ತಲೆ ಮೇಲಿನ ಗಾಜಿನ ಚಾವಣಿಯನ್ನು ಒಡೆಯಲಾಗದಿದ್ದರೂ ಅದರಲ್ಲಿ ಸುಮಾರು 1.8 ಕೋಟಿ ಬಿರುಕುಗಳು ಮೂಡಿವೆ ಎಂದರು. ಅಷ್ಟು ಜನ ಅವರಿಗೆ ವೋಟು ಹಾಕಿದ್ದರು. ಜೂನ್ 27ರಂದು ಇಬ್ಬರೂ ಮೊದಲ ಬಾರಿಗೆ ಜೊತೆಯಾಗಿ ಪ್ರಚಾರಕ್ಕೆ ಹೋದ ಊರು ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ. ಹೆಸರಿನ ಅರ್ಥವೇ ಒಗ್ಗಟ್ಟು. ಅದೊಂದೇ ಕಾರಣವಲ್ಲ. ಆ ಪುಟ್ಟ ಊರಿನ ಪ್ರೈಮರಿಯಲ್ಲಿ ಹಿಲರಿಗೆ 107 ವೋಟು ಬಿದ್ದಿತ್ತು. ಒಬಾಮಾಗೂ 107.

ಆಗಸ್ಟ್ 27ರಂದು ಡೆನ್ವರ್ ಸಮಾವೇಶದಲ್ಲಿ ರಾಜ್ಯವಾರು ಮತ ಎಣಿಕೆ ನಡೆಯುತ್ತಿದ್ದಾಗ ನ್ಯೂಯಾರ್ಕ್ ಸರದಿಯಲ್ಲಿ ಹಿಲರಿ ಎದ್ದು ನಿಂತರು. ಎಣಿಕೆ ಸಾಕು, ಒಬಾಮಾರನ್ನು ಒಕ್ಕೊರಲಿನಿಂದ ಆರಿಸೋಣ ಎಂದು ಸೂಚಿಸಿದರು. ತನ್ನ ಸೋಲಿನ ಅಧಿಕೃತ ಘೋಷಣೆಯನ್ನು ತಾನೇ ಮುಂದೆ ನಿಂತು ಮಾಡಿಸುವುದು ಸಣ್ಣ ಕೆಲಸವಲ್ಲ. ಬೆಂಬಲ ಎಂದರೆ ಒಂದು ಹೇಳಿಕೆ ಕೊಟ್ಟು ಮನೆಗೆ ಹೋಗುವುದೂ ಆಗಬಹುದು. ಹೀಗೆ ತಿಂಗಳುಗಟ್ಟಲೆ ದುಡಿಯುವುದೂ ಆಗಬಹುದು. ಎರಡಕ್ಕೂ ಅಜಗಜಾಂತರ.

ಕೊನೆಗೆ, ಅದೇ 2020ರ ಪೈಪೋಟಿಯಲ್ಲಿದ್ದ ಕಮಲಾ ಹ್ಯಾರಿಸ್. 2019ರ ಜೂನ್ 27, ಮಿಯಾಮಿಯ ಚರ್ಚೆ. ಜನಾಂಗ ಪ್ರತ್ಯೇಕತೆಯನ್ನು ಎತ್ತಿಹಿಡಿದಿದ್ದ ಹಳೆಯ ಸೆನೆಟರ್‌ಗಳ ಜೊತೆ ತಾವು ಹೊಂದಿಕೊಂಡು ಕೆಲಸ ಮಾಡಿದ್ದನ್ನು ಬೈಡನ್ ಅದಕ್ಕೆ ಸ್ವಲ್ಪ ಮೊದಲು ನೆನೆಸಿಕೊಂಡಿದ್ದರು. ಹ್ಯಾರಿಸ್ ಬೈಡನ್ ಕಡೆ ತಿರುಗಿದರು. ನೀವು ಜನಾಂಗದ್ವೇಷಿ ಎಂದು ನಾನು ನಂಬುವುದಿಲ್ಲ ಎಂದೇ ಶುರು ಮಾಡಿದರು. ಕಪ್ಪು ಮಕ್ಕಳನ್ನೂ ಬಿಳಿ ಮಕ್ಕಳನ್ನೂ ಒಂದೇ ಶಾಲೆಗೆ ಸೇರಿಸಲು ಬಸ್ಸಿನಲ್ಲಿ ಕರೆದೊಯ್ಯುವ ಯೋಜನೆಯನ್ನು 1970ರ ದಶಕದಲ್ಲಿ ಬೈಡನ್ ವಿರೋಧಿಸಿದ್ದನ್ನು ಎತ್ತಿದರು. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ದಿನಾ ಬಸ್ಸು ಹತ್ತಿ ಶಾಲೆಗೆ ಹೋಗುತ್ತಿದ್ದ ಒಬ್ಬ ಪುಟ್ಟ ಹುಡುಗಿ ಇದ್ದಳು, ಆ ಹುಡುಗಿ ನಾನೇ ಎಂದರು. ಬೈಡನ್ ಮುಖದಲ್ಲಿ ನೋವು, ಸಿಟ್ಟು ಎರಡೂ ಕಂಡವು. ಹ್ಯಾರಿಸ್, ಬೈಡನ್ ಮಗ ಬೋಗೆ ಸ್ನೇಹಿತೆ ಕೂಡ ಆಗಿದ್ದವರು. ಬೋ ಡೆಲವೇರ್‌ನ ಅಟಾರ್ನಿ ಜನರಲ್ ಆಗಿದ್ದಾಗ ಹ್ಯಾರಿಸ್ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್.

ಆ ಮಾತಿನಿಂದ ಹ್ಯಾರಿಸ್ ಸ್ವಲ್ಪ ದಿನ ಮೇಲೇರಿದರು. ಆಮೇಲೆ ಕುಸಿದರು. ಹಣ ಸಾಲದೆ ಡಿಸೆಂಬರ್ 3ರಂದು ಬಿಟ್ಟರು. ಮೂರು ತಿಂಗಳು ಯಾರ ಪರವೂ ಮಾತಾಡಲಿಲ್ಲ. 2020ರ ಮಾರ್ಚ್ 8ರಂದು ಒಂದು ವಿಡಿಯೊದಲ್ಲಿ ಬೈಡನ್‌ಗೆ ಬೆಂಬಲ ಕೊಟ್ಟರು. ಮರುದಿನ ರಾತ್ರಿ ಡೆಟ್ರಾಯಿಟ್‌ನ ಒಂದು ಶಾಲೆಯ ಸಭೆಯಲ್ಲಿ ಅವರ ಪಕ್ಕದಲ್ಲಿ ನಿಂತರು. ಆ ವೇದಿಕೆಯಲ್ಲಿ ಬೈಡನ್, ನಾನು ಒಂದು ಸೇತುವೆ ಮಾತ್ರ ಎಂದು ಹೇಳಿದರು. ಹಿಂದೆ ನಿಂತಿದ್ದ ಕಿರಿಯ ನಾಯಕರ ಕಡೆ ಕೈ ತೋರಿಸಿ ಹೇಳಿದ ಮಾತು ಅದು.

ಜುಲೈ 28ರಂದು ವಿಲ್ಮಿಂಗ್ಟನ್‌ನಲ್ಲಿ ಬೈಡನ್ ಪತ್ರಕರ್ತರ ಜೊತೆ ಮಾತಾಡುತ್ತಿದ್ದರು. ಕೈಯಲ್ಲಿ ಟಿಪ್ಪಣಿ ಬರೆದ ಒಂದು ಹಾಳೆ. ಫೋಟೊಗ್ರಾಫರ್ ಒಬ್ಬರ ಕ್ಯಾಮೆರಾಕ್ಕೆ ಅದು ಸಿಕ್ಕಿತು. ಮೇಲೆ ಹ್ಯಾರಿಸ್ ಹೆಸರು. ಕೆಳಗೆ ಚಿಕ್ಕ ಚಿಕ್ಕ ಸಾಲುಗಳು: ನನ್ನ ಮತ್ತು ಜಿಲ್ (ಬೈಡನ್ ಪತ್ನಿ) ಜೊತೆ ಪ್ರಚಾರ ಮಾಡಿದ್ದಾಳೆ. ಪ್ರತಿಭೆ ಇದೆ. ಪ್ರಚಾರಕ್ಕೆ ದೊಡ್ಡ ಸಹಾಯ. ಅವಳ ಬಗ್ಗೆ ತುಂಬಾ ಗೌರವ. ಇವುಗಳ ಜೊತೆಗೆ, ಎಲ್ಲಕ್ಕಿಂತ ಮೇಲೆ, ಇನ್ನೊಂದು ಸಾಲು ಇತ್ತು: ಹಗೆ ಇಟ್ಟುಕೊಳ್ಳಬಾರದು. ಎರಡು ವಾರದ ನಂತರ, ಆಗಸ್ಟ್ 11ರಂದು, ಬೈಡನ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಅವರ ಹೆಸರನ್ನೇ ಘೋಷಿಸಿದರು.